‘ರ‍್ಯಾಮ್’ ಎಂದು ಸರಿಯಾಗಿ ಬರೆಯಬಲ್ಲ, ರ‍್ಯಾಮ್ ತಿನ್ನದ ಸಾಫ್ಟ್‌ವೇರ್

4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಮೆಮೊರಿ ಕಾಲಮ್ಮಿನ ತಲೆಯ ಮೇಲೆ ಕ್ಲಿಕ್ ಮಾಡಿದರೆ ಹೊಟ್ಟೆಬಾಕರೆಲ್ಲ ಮೇಲೆ ಬಂದು ಕೂರುತ್ತಾರೆ. ಮೆಮೊರಿ ಶೇ 90 ದಾಟಿ, ಪಕ್ಕದಲ್ಲಿ ಡಿಸ್ಕ್ ಶೇ 100ಕ್ಕೇ ಅಂಟಿಕೊಂಡಿದ್ದರೆ ಪ್ರೊಸೆಸರನ್ನು ಬೈದು ಪ್ರಯೋಜನವಿಲ್ಲ. ಜಾಗ ಸಾಲದೆ ವಿಂಡೋಸ್ ರ‍್ಯಾಮಿನಲ್ಲಿದ್ದುದನ್ನು ಡಿಸ್ಕಿನ ಪೇಜ್ ಫೈಲಿಗೆ ಇಳಿಸುತ್ತ, ಮತ್ತೆ ಹತ್ತಿಸುತ್ತ ಒದ್ದಾಡುತ್ತಿದೆ.

ಲೆಕ್ಕ ಹಾಕಿ ನೋಡಿ. 5400 ಆರ್‌ಪಿಎಂ (ನಿಮಿಷಕ್ಕೆ 5400 ಸುತ್ತು) ಹಾರ್ಡ್ ಡಿಸ್ಕ್ ಒಂದು ಸುತ್ತು ಬರಲು 11 ಮಿಲಿಸೆಕೆಂಡ್ ಬೇಕು. ಹುಡುಕುವ ಜಾಗ ಓದುವ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು. ಹೆಡ್ಡು ಸರಿಯುವ ಹೊತ್ತೂ ಸೇರಿದರೆ 15 ಮಿಲಿಸೆಕೆಂಡಿನ ಆಸುಪಾಸು. ಅಂದರೆ ಸೆಕೆಂಡಿಗೆ ಸುಮಾರು 65 ಸಲ ಓದಬಹುದು. 4 ಕೆಬಿಯ ಒಂದೊಂದೇ ಪುಟವನ್ನು (ಮೆಮೊರಿಯ ತುಂಡನ್ನು) ಬಿಡಿಬಿಡಿಯಾಗಿ ತಂದರೆ ಸೆಕೆಂಡಿಗೆ 300 ಕೆಬಿಯೂ ದಾಟುವುದಿಲ್ಲ. ಅಕ್ಕಪಕ್ಕದ ಪುಟಗಳನ್ನೂ ಸೇರಿಸಿ ಓದುವ ಜಾಣತನ ವಿಂಡೋಸಿಗಿದೆ, ಆದರೂ ಮೌಸಿನ ಬಾಣ ಓಡಾಡುತ್ತದೆ, ಒತ್ತಿದ್ದು ಮಾತ್ರ ತೆರೆಯುವುದಿಲ್ಲ. ಎಸ್‌ಎಸ್‌ಡಿ ಹಾಕಿಸಿದರೆ ನರಳಾಟ ಬಹಳ ಕಡಿಮೆಯಾಗುತ್ತದೆ, ತಿನ್ನುವವರ ಹಸಿವು ಹಾಗೇ ಇರುತ್ತದೆ.

ತಿನ್ನುವವರಲ್ಲಿ ಎಲೆಕ್ಟ್ರಾನ್ ಆ್ಯಪ್‌ಗಳದ್ದೇ ದೊಡ್ಡ ಪಂಕ್ತಿ. ಗಿಟ್‌ಹಬ್‌ನವರು ಆಟಮ್ ಎಂಬ ಕೋಡ್ ಎಡಿಟರಿಗೆಂದು ಮಾಡಿಕೊಂಡ, ಆ್ಯಪ್ ಕಟ್ಟುವ ಚೌಕಟ್ಟು ಇದು. 2022ರ ಡಿಸೆಂಬರಿನಲ್ಲಿ ಆಟಮ್ ಮುಚ್ಚಿತು, ಚೌಕಟ್ಟು ಮಾತ್ರ ಸ್ಲ್ಯಾಕ್, ಡಿಸ್ಕಾರ್ಡ್, ವಿಎಸ್ ಕೋಡ್‌ಗಳಲ್ಲಿ ಬದುಕಿದೆ. ಪ್ರತಿ ಆ್ಯಪಿನ ಹೊಟ್ಟೆಯಲ್ಲೂ ಒಂದು ಇಡೀ ಕ್ರೋಮಿಯಂ ಬ್ರೌಸರ್. ಮನೆಯ ಕೋಣೆಗೊಂದು ಅಡುಗೆಮನೆ ಕಟ್ಟಿಸಿದ ಹಾಗೆ. ಚಾಟ್ ಆ್ಯಪ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡಿ, ಅವುಗಳ ವೆಬ್ ಆವೃತ್ತಿಯನ್ನು ಈಗಾಗಲೇ ತೆರೆದಿರುವ ಬ್ರೌಸರಿನ ಟ್ಯಾಬಿನಲ್ಲಿ ಬಳಸಿದರೆ ಒಂದೇ ಒಲೆಯಲ್ಲಿ ಎಲ್ಲ ಬೇಯುತ್ತದೆ. ಅನ್‌ಇನ್‌ಸ್ಟಾಲ್ ಮಾಡಲಾಗದಿದ್ದರೆ ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್ ಆ್ಯಪ್ಸ್’ ಪಟ್ಟಿಯಲ್ಲಾದರೂ ಡಿಸೇಬಲ್ ಮಾಡಿ. ಬರೀ ಕ್ರಾಸ್ ಗುರುತು ಒತ್ತಿ ಮುಗಿಯಿತು ಅಂದುಕೊಳ್ಳಬೇಡಿ. ಇಂಥವು ಗಡಿಯಾರದ ಪಕ್ಕದ ಟ್ರೇಯಲ್ಲಿ ಅಡಗಿ ಕೂತಿರುತ್ತವೆ. ಅಲ್ಲಿ ರೈಟ್ ಕ್ಲಿಕ್ ಮಾಡಿ ‘ಕ್ವಿಟ್’ ಕೊಡಬೇಕು.

ಪಿಡಿಎಫ್ ಓದಲು ಸುಮಾತ್ರಾ ಪಿಡಿಎಫ್ ಸಾಕು. ಪೋರ್ಟಬಲ್ ಆವೃತ್ತಿ ಒಂದೇ ಫೈಲು, ಪೆನ್‌ಡ್ರೈವಿನಿಂದಲೇ ಓಡುತ್ತದೆ. ಇ-ಆಧಾರ್ ಪಿಡಿಎಫನ್ನೂ ತೆರೆಯುತ್ತದೆ: ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಜತೆಗೆ ಹುಟ್ಟಿದ ವರ್ಷ. ಅರ್ಜಿ ನಮೂನೆ ತುಂಬಲು ಮಾತ್ರ ಇದಾಗದು, ಅದಕ್ಕೆ ಫೈರ್‌ಫಾಕ್ಸ್ ಇದೆ. ಡಿಜಿಟಲ್ ಸಹಿಯ ಹಸಿರು ಗುರುತು ಬೇಕೇ ಬೇಕು ಅನ್ನುವ ಕಚೇರಿಗೆ ಹೋಗುವುದಾದರೆ ಅಡೋಬಿ ರೀಡರ್ ಇಟ್ಟುಕೊಳ್ಳಿ, ಆದರೆ ಡೀಫಾಲ್ಟ್ ಮಾಡಬೇಡಿ.

ಯೂಟ್ಯೂಬ್ ನೋಡುವಾಗ ಫ್ಯಾನ್ ಬೊಬ್ಬೆ ಹೊಡೆಯುತ್ತಿದ್ದರೆ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ನೋಡಿ. ಕೋಡೆಕ್ (ವಿಡಿಯೋ ಕುಗ್ಗಿಸಿದ ವಿಧಾನ) ವಿಪಿ09 ಅಥವಾ ಎವಿ01 ಎಂದಿದ್ದರೆ, 2013ರ ಕಾಲದ ಇಂಟೆಲ್ ಚಿಪ್ಪಿನಲ್ಲಿ ಅದಕ್ಕೆ ಬೇರೆ ಯಂತ್ರಾಂಗವಿಲ್ಲ, ಸಿಪಿಯುವೇ ಬಿಡಿಸಿಕೊಳ್ಳಬೇಕು. ಎಚ್264ಇಫೈ ಥರದ ಎಕ್ಸ್‌ಟೆನ್ಷನ್ ಹಾಕಿದರೆ ಎವಿಸಿ1 (ಎಚ್264) ಬರುತ್ತದೆ, ಅದಕ್ಕೆ ಚಿಪ್ಪಿನಲ್ಲೇ ಯಂತ್ರಾಂಗವಿದೆ, ಫ್ಯಾನ್ ತಣ್ಣಗಾಗುತ್ತದೆ. 1080ಪಿಗಿಂತ ಮೇಲಿನ ಗುಣಮಟ್ಟ ಸಿಗುವುದಿಲ್ಲ, ಆ ಪರದೆಗೆ ಅದು ಬೇಕಾಗಿಯೂ ಇಲ್ಲ.

ಎಡಿಟರ್ ಆರಿಸುವಾಗ ನಮಗೊಂದು ಹೆಚ್ಚಿನ ಪರೀಕ್ಷೆ ಇದೆ. ಹಗುರ ಅಂತ ಹೊಗಳಿಸಿಕೊಂಡ ಎಷ್ಟೋ ಸಾಫ್ಟ್‌ವೇರ್ ಕನ್ನಡದ ಒತ್ತಕ್ಷರ ಕಂಡರೆ ಮುಗ್ಗರಿಸುತ್ತದೆ. ‘ಕರ್ನಾಟಕ’, ‘ರಾಷ್ಟ್ರ’, ‘ರ‍್ಯಾಮ್’ ಮೂರನ್ನೂ ಅದರಲ್ಲಿ ಅಂಟಿಸಿ. ಮೂರನೆಯದೇ ಕಠಿಣ. ಅಲ್ಲಿ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ, ಜೀರೋ ವಿಡ್ತ್ ಜಾಯ್ನರ್, ಕೂತಿರುತ್ತದೆ. ಅದು ಕಳಚಿದರೆ ‘ಸೂರ್ಯ’ದಲ್ಲಿ ಬರುವಂತೆ ಅರ್ಕಾವತ್ತು ಬಂದು ‘ರ್ಯಾಮ್’ ಆಗುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಅಕ್ಷರ ಒಂದು ಕಡೆ, ಕರ್ಸರ್ ಇನ್ನೊಂದು ಕಡೆ ನಿಂತರೆ ಪ್ರಿಫರೆನ್ಸಸ್‌ನ ‘ಮಿಸ್ಕ್’ ವಿಭಾಗದಲ್ಲಿ ಡೈರೆಕ್ಟ್‌ರೈಟ್ (ಅಕ್ಷರ ಬಿಡಿಸುವ ವಿಧಾನ) ಆನ್ ಮಾಡಿ, ಒಮ್ಮೆ ಮುಚ್ಚಿ ತೆರೆಯಿರಿ. ಲಿನಕ್ಸಿನ ಎಕ್ಸ್‌ಟರ್ಮ್ ಎಂಬ ಕಮಾಂಡ್ ಕಿಟಕಿಯ ಒಳಗೆ ವಿಮ್ ಎಡಿಟರ್ ಓಡಿಸುವುದು ಮೆಮೊರಿ ಲೆಕ್ಕದಲ್ಲಿ ಅಗ್ಗವೇ. ಆದರೆ ಎಕ್ಸ್‌ಟರ್ಮ್ ಅಕ್ಷರಗಳನ್ನು ಸಮ ಅಳತೆಯ ಮನೆಗಳಲ್ಲಿ ಒಂದೊಂದಾಗಿ ಕೂರಿಸುತ್ತದೆ. ಒತ್ತು ಕೆಳಗಿಳಿಯದು, ಅರ್ಕಾವತ್ತು ತನ್ನ ಜಾಗಕ್ಕೆ ಸರಿಯದು. ಅಲ್ಲಿ ಕಂಜೂಸುತನ ಬೇಡ, ಮೌಸ್‌ಪ್ಯಾಡ್ ಎಂಬ ಎಡಿಟರ್ ತೆರೆಯಿರಿ. ಪ್ಯಾಂಗೋ, ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ಲೈಬ್ರರಿಗಳು ಬೆನ್ನಿಗಿರುವುದರಿಂದ ಕನ್ನಡ ಕನ್ನಡದ ಹಾಗೇ ಕಾಣುತ್ತದೆ.