ಹತ್ತುವುದೋ, ಹಾರುವುದೋ, ಇಳಿಯುವುದೋ

2020ರ ಮಾರ್ಚ್ 18, ಕೊರೋನಾ ಹಬ್ಬುತ್ತಿದ್ದ ದಿನಗಳು, ರಾತ್ರಿ ಹನ್ನೊಂದೂವರೆ. ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಫ್ಲೈಟ್ ಟ್ರ್ಯಾಕರ್‌ನಲ್ಲಿ ಪುಟ್ಟ ಹಳದಿ ವಿಮಾನವೊಂದು ಮುಂಬೈ ಕಡೆಗೆ ಇಳಿಯುತ್ತಿತ್ತು. ಲಂಡನ್‌ನಿಂದ ಬೆಳಿಗ್ಗೆ ಹೊರಟ ವಿಮಾನ. ಅದರಲ್ಲಿ ನಮ್ಮ ಇಂಜಿನಿಯರ್ ಒಬ್ಬರು ಇರಬೇಕಿತ್ತು. ಎರಡು ದಿನದ ಹಿಂದೆ ಅವರ ಟಿಕೆಟ್ ನಾನೇ ಕ್ಯಾನ್ಸಲ್ ಮಾಡಿದ್ದೆ. "ಈ ವಿಮಾನ ಬರೋದಕ್ಕೇ ಬಿಡಲ್ಲ" ಅಂತ ಅವರಿಗೆ ಖಚಿತವಾಗಿ ಹೇಳಿದ್ದೆ.

ವಿಮಾನ ಬಂತು. ಜನ ಇಳಿದರು.

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಟ್ರಾವೆಲ್ ಡೆಸ್ಕ್‌ನಲ್ಲಿದ್ದೆ. ಪಿಎನ್ಆರ್, ರೀಇಶ್ಯೂ, ವೀಸಾ ಅಪಾಯಿಂಟ್‌ಮೆಂಟ್, ಹೋಟೆಲ್ ಬಿಲ್, ಇಷ್ಟೇ ನಮ್ಮ ದಿನಚರಿ. ಫೆಬ್ರವರಿ ಮಧ್ಯದಲ್ಲಿ ಮ್ಯಾನೇಜರ್ ಬಂದು, "ಆನ್‌ಸೈಟ್‌ನಲ್ಲಿ ಇರೋರದ್ದೆಲ್ಲ ಒಂದು ಶೀಟ್ ಮಾಡಮ್ಮ, ದೇಶಕ್ಕೊಂದು ಬಣ್ಣ ಹಾಕು" ಅಂದರು. ಆನ್‌ಸೈಟ್ ಅಂದರೆ ಕೆಲಸಕ್ಕೆ ಅಂತ ಹೊರದೇಶಕ್ಕೆ ಕಳಿಸಿದ ನಮ್ಮವರು. ಕೇಸ್ ಜಾಸ್ತಿ ಇರುವ ದೇಶ ಕೆಂಪು, ನಡುವಿನದು ಹಳದಿ, ಕಡಿಮೆ ಇರುವುದು ಹಸಿರು. ದಿನಾ ಬೆಳಿಗ್ಗೆ ಎಂಟಕ್ಕೆ ಅಂಕಿ ತುಂಬಿ, ಒಂಬತ್ತಕ್ಕೆ ಪ್ರಾಜೆಕ್ಟ್ ನೋಡಿಕೊಳ್ಳುವ ಡೆಲಿವರಿ ಮ್ಯಾನೇಜರ್‌ಗಳಿಗೆ ಕಳಿಸಬೇಕು. ಒಂದು ತಿಂಗಳು ಆ ಶೀಟ್ ನೋಡಿಯೇ ಯಾರನ್ನು ಯಾವಾಗ ಕರೆಸಬೇಕು ಅಂತ ತೀರ್ಮಾನ ಮಾಡಿದೆವು. ನನ್ನ ಮೊದಲ ತಪ್ಪು ಆ ಬಣ್ಣಗಳಲ್ಲೇ ಇತ್ತು.

ದಕ್ಷಿಣ ಕೊರಿಯಾದ ಗುಮಿಯಲ್ಲಿ ನಮ್ಮವರು ಇಬ್ಬರಿದ್ದರು. ಪಕ್ಕದ ದೇಗು ಊರಿನಲ್ಲಿ ಫೆಬ್ರವರಿ 18ರ ನಂತರ ಒಂದು ಚರ್ಚ್ ಗುಂಪಿನಲ್ಲಿ ಸೋಂಕು ಹರಡಿದ್ದು ಗೊತ್ತಾಯಿತು. ಅಂಕಿ ದಿನಾ ನೂರು ನೂರು ಏರಿತು. ನನ್ನ ಶೀಟ್‌ನಲ್ಲಿ ಕೊರಿಯಾ ಕಡು ಕೆಂಪು. ಇಬ್ಬರಿಗೂ ದಿನಕ್ಕೆ ಮೂರು ಸಲ ಫೋನ್ ಮಾಡಿ ಹೊರಡಿ ಅಂದೆ. ಒಬ್ಬರು ಮಾರ್ಚ್ ಮೊದಲ ವಾರ ಬಂದರು. ಇನ್ನೊಬ್ಬರು ಒಪ್ಪಲಿಲ್ಲ. "ಮೇಡಂ, ಇಲ್ಲಿ ಹುಡುಕ್ತಾ ಇದಾರೆ, ಅದಕ್ಕೆ ಸಿಗ್ತಾ ಇದೆ. ನೀವು ನಂಬರ್ ನೋಡಿ ಹೆದರಬೇಡಿ" ಅಂದರು. ಮೊಂಡು ಮನುಷ್ಯ ಅಂದುಕೊಂಡೆ. ಅವರ ಮೇಲಿನವರಿಗೆ ದೂರಿನ ಮೇಲ್ (ಎಸ್ಕಲೇಷನ್) ಕೂಡ ಹಾಕಿದೆ. ಆ ಮೇಲ್ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವರು ಹೇಳಿದ್ದೇ ಸರಿ ಇತ್ತು. ಕಾರಿನಲ್ಲಿ ಕೂತಲ್ಲೇ ಮೂಗಿನ ಮಾದರಿ ಕೊಟ್ಟು ಹೋಗುವ ಕೇಂದ್ರಗಳನ್ನು ಅಲ್ಲಿ ಫೆಬ್ರವರಿಯಲ್ಲೇ ತೆರೆದಿದ್ದರು. ಲಕ್ಷಣ ಕಡಿಮೆ ಇದ್ದವರಿಗೆ ಬೇರೆ ಕೇಂದ್ರ, ಗಂಭೀರ ಇದ್ದವರಿಗೆ ಆಸ್ಪತ್ರೆ. ಮಾರ್ಚ್ 9ರಿಂದ ಮಾಸ್ಕ್‌ಗೂ ರೇಷನ್ ಥರ ಸರದಿ. ಹುಟ್ಟಿದ ವರ್ಷದ ಕೊನೆಯ ಅಂಕಿ ನೋಡಿ, ವಾರಕ್ಕೆ ಒಬ್ಬರಿಗೆ ಎರಡು. ಸೋಂಕಿತರು ಎಲ್ಲೆಲ್ಲಿ ಓಡಾಡಿದ್ದರು ಅಂತ ಊರಿನವರ ಫೋನಿಗೆಲ್ಲ ಸಂದೇಶ. ಈ ಕೊನೆಯದು ನನಗೆ ಇವತ್ತಿಗೂ ಇಷ್ಟವಾಗುವುದಿಲ್ಲ. ಹೆಸರು ಹಾಕದಿದ್ದರೂ ಯಾವ ಹೋಟೆಲ್, ಎಷ್ಟು ಗಂಟೆ ಅಂತ ಹೇಳಿದರೆ ಗುರುತು ಸಿಕ್ಕೇ ಸಿಗುತ್ತದೆ ಅಲ್ವಾ? ಆದರೆ ಅದಕ್ಕೆ ಕಾರಣ ಆಮೇಲೆ ಗೊತ್ತಾಯಿತು. 2015ರಲ್ಲಿ ಮರ್ಸ್ ಅನ್ನುವ ಉಸಿರಾಟದ ರೋಗ ಬಂದಾಗ ಅಲ್ಲಿ 186 ಜನರಿಗೆ ಸೋಂಕು ತಗುಲಿ 38 ಜನ ಸತ್ತಿದ್ದರು. ಆಗ ಸರ್ಕಾರ ಮೊದಮೊದಲು ಆಸ್ಪತ್ರೆಗಳ ಹೆಸರನ್ನೇ ಮುಚ್ಚಿಟ್ಟಿತ್ತು. ಜನ ಸಿಟ್ಟಿಗೆದ್ದರು, ಕಾನೂನು ಬದಲಾಯಿತು. ಒಮ್ಮೆ ಸುಟ್ಟುಕೊಂಡ ಕೈ ಅದು.

ಸಿಂಗಾಪುರವೂ ಹಾಗೇ. 2003ರ ಸಾರ್ಸ್‌ನಲ್ಲಿ ಅಲ್ಲಿ 33 ಜನ ಸತ್ತಿದ್ದರು. ಈ ಸಲ ಅಲ್ಲಿಂದ ಬರುತ್ತಿದ್ದ ಪ್ರತಿ ಸೂಚನೆಯಲ್ಲೂ ಯಾರಿಗೆ, ಯಾವ ದಿನ, ಎಷ್ಟು ಗಂಟೆಯಿಂದ, ತಪ್ಪಿದರೆ ಏನು ಅಂತ ಬಿಡಿಸಿ ಬರೆದಿರುತ್ತಿತ್ತು. ವರ್ಕ್ ಪಾಸ್ ಇದ್ದವರು ವಾಪಸ್ ಹೋಗುವ ಮೊದಲೇ ಅಲ್ಲಿನ ಮಾನವಶಕ್ತಿ ಸಚಿವಾಲಯದ ಒಪ್ಪಿಗೆ ಪಡೆಯಬೇಕಿತ್ತು. ಮನೆಯೊಳಗಿರಿ ಅಂದ ಮೇಲೆ ಹೊರಗೆ ಹೋದರೆ ಪಾಸ್ ರದ್ದು. ಟ್ರಾವೆಲ್ ಡೆಸ್ಕ್‌ನವರಿಗೆ ಇಂಥ ಆದೇಶ ಅಂದರೆ ಜೀವ ಬಂದ ಹಾಗೆ. ಆದರೆ ಅಷ್ಟು ಚೊಕ್ಕವಾಗಿ ಬರೆಯುವ ದೇಶಕ್ಕೂ ಒಂದು ಮೂಲೆ ಕಾಣಲಿಲ್ಲ. ಏಪ್ರಿಲ್‌ನಲ್ಲಿ ಸೋಂಕು ಸ್ಫೋಟವಾಗಿದ್ದು ಹೊರದೇಶದ ಕಾರ್ಮಿಕರ ಡಾರ್ಮಿಟರಿಗಳಲ್ಲಿ. ಕಟ್ಟಡ ಕಟ್ಟುವ ಭಾರತ, ಬಾಂಗ್ಲಾದೇಶದ ಹುಡುಗರು ಒಂದೊಂದು ಕೋಣೆಯಲ್ಲಿ ಹತ್ತಾರು ಜನ ಮಲಗುವ ಜಾಗ ಅದು. ನನ್ನ ಶೀಟ್‌ನಲ್ಲೂ ಅವರಿಗೆ ಕಾಲಂ ಇರಲಿಲ್ಲ.

ಇನ್ನು ಬ್ರಿಟನ್. ಮಾರ್ಚ್ 16ರಂದು ಕೊರಿಯಾದ ಅಂಕಿ ಎಂಟು ಸಾವಿರ ದಾಟಿತ್ತು, ಬ್ರಿಟನ್‌ನದು ಸುಮಾರು ಒಂದೂವರೆ ಸಾವಿರ. ಹಾಗಾಗಿ ಬ್ರಿಟನ್ ಹಳದಿ. ಅದಕ್ಕೂ ನಾಲ್ಕು ದಿನ ಮೊದಲು, ಮಾರ್ಚ್ 12ರಂದು, ಅಲ್ಲಿ ಊರೊಳಗೆ ಸೋಂಕಿತರ ಸಂಪರ್ಕ ಹುಡುಕುವುದನ್ನೇ ಕೈಬಿಟ್ಟಿದ್ದರು. ಲಕ್ಷಣ ಇದ್ದರೆ ಏಳು ದಿನ ಮನೆಯಲ್ಲಿರಿ ಅನ್ನುವುದು ಸಲಹೆ. ಆಸ್ಪತ್ರೆ ಸೇರುವಷ್ಟು ಜೋರಾದರೆ ಮಾತ್ರ ಟೆಸ್ಟ್. ಹುಡುಕುವುದನ್ನು ನಿಲ್ಲಿಸಿದ ದೇಶದ ಅಂಕಿಯನ್ನು, ಹಗಲೂ ರಾತ್ರಿ ಹುಡುಕುತ್ತಿದ್ದ ದೇಶದ ಅಂಕಿಯ ಪಕ್ಕ ಇಟ್ಟು ನಾನು ಬಣ್ಣ ಬಳಿಯುತ್ತಿದ್ದೆ. ಆ ವರ್ಷ ಮುಗಿಯುವಷ್ಟರಲ್ಲಿ ಕೊರಿಯಾದಲ್ಲಿ ಸತ್ತವರು ಸಾವಿರಕ್ಕಿಂತ ಕಡಿಮೆ. ಬ್ರಿಟನ್‌ನಲ್ಲಿ ಎಪ್ಪತ್ತು ಸಾವಿರ ದಾಟಿತ್ತು.

ನಮ್ಮ ಇಂಜಿನಿಯರ್ ಲಂಡನ್ ಹತ್ತಿರದ ರೀಡಿಂಗ್‌ನಲ್ಲಿದ್ದರು. ಹೆಂಡತಿ ದಾವಣಗೆರೆಯ ತವರಿನಲ್ಲಿ, ಆರು ತಿಂಗಳು ತುಂಬಿತ್ತು. ಬ್ರಿಟನ್ ಹಳದಿ ಅಂತ ನಾನು ಅವರ ಟಿಕೆಟ್ ಮಾರ್ಚ್ 18ಕ್ಕೆ ಹಾಕಿದ್ದೆ. ಒಂದು ವಾರ ಮೊದಲೇ ಹಾಕಬಹುದಿತ್ತು. ಪ್ರಾಜೆಕ್ಟ್ ಕಡೆಯವರು "ರಿಲೀಸ್ ಮುಗಿಸಿ ಬರಲಿ" ಅಂದರು, ನಾನೂ ಹೂಂ ಅಂದೆ.

16ರ ಸಂಜೆ ಭಾರತ ಸರ್ಕಾರದ ಹೊಸ ಸೂಚನೆ ಬಂತು. ಐರೋಪ್ಯ ಒಕ್ಕೂಟ, ಟರ್ಕಿ, ಬ್ರಿಟನ್‌ನಿಂದ ಪ್ರಯಾಣ ಬಂದ್. ಒಂಬತ್ತು ಗಂಟೆಗೆ ಮ್ಯಾನೇಜರ್ ವಾಟ್ಸಾಪ್ ಗುಂಪಿನಲ್ಲಿ ಎರಡೇ ಸಾಲು ಹಾಕಿದರು: "18ರ ಸಂಜೆ 5.30ರ ನಂತರ ಯುಕೆ, ಯುರೋಪ್‌ನಿಂದ ಎಂಟ್ರಿ ಇಲ್ಲ. ಎಲ್ಲಾ ರೀಬುಕ್ ಮಾಡಿ." ನಾನು ಲೆಕ್ಕ ಹಾಕಿದೆ. ಅವರ ವಿಮಾನ 18ರ ಬೆಳಿಗ್ಗೆ ಲಂಡನ್ ಬಿಡುತ್ತದೆ, ಮುಂಬೈ ಮುಟ್ಟುವುದು ರಾತ್ರಿ ಹನ್ನೊಂದೂಮುಕ್ಕಾಲಿಗೆ. ಐದೂವರೆ ದಾಟಿ ಆರು ತಾಸಿನ ಮೇಲಾಗಿರುತ್ತದೆ. ಆಗಲ್ಲ.

17ರ ವಿಮಾನಗಳನ್ನು ಹುಡುಕಿದೆ. ಕಣ್ಣೆದುರೇ ಸೀಟು ಕರಗುತ್ತಿದ್ದವು. ಮಸ್ಕತ್ ಮೇಲೆ ಬರುವ ಒಂದು ಸೀಟು ಸಿಕ್ಕಿತು, ಎರಡು ಗಂಟೆ ಹೋಲ್ಡ್, ಅಂದರೆ ಅಷ್ಟು ಹೊತ್ತು ಮಾತ್ರ ಸೀಟು ನಮಗಾಗಿ ಇಟ್ಟಿರುತ್ತಾರೆ. ದರ ನನ್ನ ಮಿತಿ ಮೀರಿತ್ತು, ಫೈನಾನ್ಸ್ ಅಪ್ರೂವಲ್ ಬೇಕು. ಟೂಲ್‌ನಲ್ಲಿ ರಿಕ್ವೆಸ್ಟ್ ಹಾಕಿದೆ. ಅಪ್ರೂವರ್ ಮಲಗಿದ್ದರು. ಆ ಟೂಲ್‌ನಲ್ಲಿ ನಾಲ್ಕು ಗಂಟೆ ಕಳೆಯದೆ ಮೇಲಿನವರಿಗೆ ರಿಕ್ವೆಸ್ಟ್ ಹೋಗುವುದಿಲ್ಲ. ಎರಡು ಗಂಟೆಯ ಹೋಲ್ಡ್‌ಗೆ ನಾಲ್ಕು ಗಂಟೆಯ ಕಾಯುವಿಕೆ! ಇಂಥ ಟೂಲ್ ಕಟ್ಟಿದವರು ಒಂದು ರಾತ್ರಿಯಾದರೂ ಟ್ರಾವೆಲ್ ಡೆಸ್ಕ್‌ನಲ್ಲಿ ಕೂತಿರಬೇಕಿತ್ತು. ಮೂರು ಜನರಿಗೆ ಫೋನ್ ಮಾಡಿದೆ. ಒಬ್ಬರು ಎತ್ತಿ, "ಬೆಳಿಗ್ಗೆ ನೋಡೋಣ ಬಿಡಿ" ಅಂದರು. ಹೋಲ್ಡ್ ಹೋಯಿತು.

ಈ ಗಡಿಬಿಡಿಯಲ್ಲೇ ಅವರಿಗೆ ಫೋನ್ ಮಾಡಿ 18ರದ್ದು ಕ್ಯಾನ್ಸಲ್ ಮಾಡುತ್ತೇನೆ ಅಂದೆ. ಒಂದು ಕ್ಷಣ ಅವರು ಮಾತಾಡಲಿಲ್ಲ. ಆಮೇಲೆ, "ಮೇಡಂ, ಏರ್‌ಲೈನ್ ವೆಬ್‌ಸೈಟ್‌ನಲ್ಲಿ ಫ್ಲೈಟ್ ಇನ್ನೂ ತೋರಿಸ್ತಾ ಇದೆ. ಹಾಗೇ ಇಡೋಣ್ವಾ? ಏರ್‌ಪೋರ್ಟ್‌ಗೆ ಹೋಗಿ ನೋಡ್ತೀನಿ" ಅಂದರು. "ಬೇಡ ಸರ್. ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಇನ್ನೂ ಕಷ್ಟ. ನನ್ನ ಮಾತು ಕೇಳಿ" ಅಂದೆ. ರಾತ್ರಿ 11.40ಕ್ಕೆ ಕ್ಯಾನ್ಸಲ್ ಒತ್ತಿದೆ. ಅವರ ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಅಂತ ಪೂರ್ತಿ ನಂಬಿದ್ದೆ.

ಮೂಲ ಸೂಚನೆ ನಾನು ಓದಿದ್ದು 18ರ ಮಧ್ಯಾಹ್ನ, ಬೇರೆ ಯಾರದ್ದೋ ಕೆಲಸಕ್ಕೆ. ಅದರಲ್ಲಿ ಇಳಿಯುವ ಮಾತೇ ಇರಲಿಲ್ಲ. 18ರಂದು 12.00 ಜಿಎಂಟಿಯಿಂದ, ಅಂದರೆ ನಮ್ಮ ಸಂಜೆ 5.30ರಿಂದ, ಆ ದೇಶಗಳಲ್ಲಿ ಯಾವ ವಿಮಾನ ಸಂಸ್ಥೆಯೂ ಭಾರತಕ್ಕೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವಂತಿಲ್ಲ. ಮೊದಲು ಹೊರಡುವ ನಿಲ್ದಾಣದಲ್ಲೇ ಇದನ್ನು ಜಾರಿ ಮಾಡಬೇಕು. ಹತ್ತುವುದು. ಅವರ ವಿಮಾನ ಅಲ್ಲಿನ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ, ನಮ್ಮ ಮೂರೂಕಾಲಿಗೆ ಹೊರಡುವುದು. ಗಡುವಿಗೆ ಎರಡು ಗಂಟೆಗೂ ಜಾಸ್ತಿ ಉಳಿದಿರುತ್ತಿತ್ತು. ಗಡಿಯಾರ ನೋಡಿದೆ. ಮೂರೂವರೆ ಆಗಿತ್ತು. ಕೈ ತಣ್ಣಗಾಯಿತು.

ಆ ವಾರದ ಸೂಚನೆಗಳನ್ನು ಆಮೇಲೆ ಒಂದರ ಪಕ್ಕ ಒಂದಿಟ್ಟು ಓದಿದೆ. 16ರದ್ದರಲ್ಲಿ "ಹತ್ತಿಸಿಕೊಳ್ಳಬಾರದು". 17ರಂದು ಮಲೇಷ್ಯಾ, ಫಿಲಿಪ್ಪೀನ್ಸ್, ಅಫ್ಘಾನಿಸ್ತಾನಕ್ಕೆ ಬಂದದ್ದರಲ್ಲಿ ಮಧ್ಯಾಹ್ನ 3ರ ನಂತರ "ಹಾರಬಾರದು", ಅದೂ ಅದೇ ದಿನದಿಂದ. ಫಿಲಿಪ್ಪೀನ್ಸ್‌ನಿಂದ ಹೊರಟ ನಮ್ಮ ಮೆಡಿಕಲ್ ವಿದ್ಯಾರ್ಥಿಗಳು ಕೌಲಾಲಂಪುರ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಂಡದ್ದು ಹೀಗೆ. 22ರಿಂದ ಎಲ್ಲ ಅಂತರರಾಷ್ಟ್ರೀಯ ವಿಮಾನಗಳಿಗೆ ಬಂದದ್ದರಲ್ಲಿ "ಇಳಿಯಬಾರದು". ಒಂದೇ ವಾರದಲ್ಲಿ ಮೂರು ಬೇರೆ ಮಾತು. ಮೂರನ್ನೂ ನಮ್ಮ ಗುಂಪಿನಲ್ಲಿ "ಎಂಟ್ರಿ ಇಲ್ಲ" ಅಂತಲೇ ಹಾಕಿದ್ದರು.

18ರ ರಾತ್ರಿ ವಿಮಾನ ಇಳಿದ ಮೇಲೆ ಅವರೇ ಫೋನ್ ಮಾಡಿದರು. "ಮೇಡಂ, ಆ ಫ್ಲೈಟ್ ಬಂತಂತೆ ಅಲ್ವಾ?" ಅಷ್ಟೇ ಕೇಳಿದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೌದು ಸರ್, ನಾನು ತಪ್ಪು ಓದಿದೆ, ಅಂದೆ. ಓದಿಯೇ ಇರಲಿಲ್ಲ ಅನ್ನುವ ಧೈರ್ಯ ಆ ರಾತ್ರಿ ಬರಲಿಲ್ಲ. ಅದನ್ನು ಹೇಳಲು ಇನ್ನೂ ಮೂರು ದಿನ ಬೇಕಾಯಿತು.

ಆಮೇಲೆ ಅವರು ಅಲ್ಲೇ ಕೂತು ಎಲ್ಲ ನೋಡಿದರು. ಪಬ್‌ಗೆ ಹೋಗಬೇಡಿ ಅಂತಾರೆ, ಆದರೆ ಪಬ್ ತೆರೆದೇ ಇದೆ, ಇದು ಆದೇಶವೋ ಸಲಹೆಯೋ ಅಂತ ನನ್ನನ್ನೇ ಕೇಳುತ್ತಿದ್ದರು. 20ಕ್ಕೆ ಪಬ್ ಮುಚ್ಚಿಸಿದರು. 23ಕ್ಕೆ ಲಾಕ್‌ಡೌನ್. ಇಲ್ಲಿ 25ರಿಂದ ದೇಶವೇ ಬಂದ್, ನಾಲ್ಕು ಗಂಟೆ ಮುಂಚೆ ಹೇಳಿ. ದಿನಗೂಲಿ ಜನ ಹೆದ್ದಾರಿಯಲ್ಲಿ ಮಕ್ಕಳನ್ನು ಹೆಗಲಿಗೇರಿಸಿ ಊರಿಗೆ ನಡೆದದ್ದನ್ನು ನಾವೆಲ್ಲ ನೋಡಿದೆವು. ನಮ್ಮ ದೇಶ ತಡ ಮಾಡಲಿಲ್ಲ, ನಿಜ. ಆದರೆ ಹೇಳುವ ರೀತಿಯಲ್ಲಿ ಕರುಣೆ ಸಾಲದಾಯಿತು ಅಂತಲೇ ನನಗನಿಸುತ್ತದೆ. ಒಂದು ಸೀಟಿನ ವಿಷಯದಲ್ಲಿ ನಾನು ಮಾಡಿದ್ದೂ ಅದನ್ನೇ.

ದಾವಣಗೆರೆಯಿಂದ ಅವರ ಅತ್ತೆ ಒಂದು ದಿನ ಫೋನ್ ಮಾಡಿದರು. "ಅಳಿಯಂದ್ರು ಯಾವಾಗ ಬರ್ತಾರವ್ವ? ನೀನೇ ಟಿಕೆಟ್ ಮಾಡೋಳಂತೆ." ಬೇಗ ಬರ್ತಾರಮ್ಮ ಅಂದೆ. ಅವರು ಬಂದದ್ದು ಮೇ ತಿಂಗಳಲ್ಲಿ, ಹೊರದೇಶದಲ್ಲಿ ಸಿಕ್ಕಿಹಾಕಿಕೊಂಡವರನ್ನು ಕರೆತರಲು ಸರ್ಕಾರ ಬಿಟ್ಟ ವಂದೇ ಭಾರತ್ ವಿಮಾನದಲ್ಲಿ. ಅಷ್ಟರಲ್ಲಿ ದಿನ ತುಂಬುವ ಮೊದಲೇ ಹೆರಿಗೆ ಆಗಿತ್ತು. ಹೆಣ್ಣು ಮಗು. ಬೆಂಗಳೂರಿಗೆ ಇಳಿದ ಮೇಲೂ ಹೋಟೆಲ್ ಕ್ವಾರಂಟೈನ್ ಮುಗಿಸಿಯೇ ಊರಿಗೆ ಹೋದರು.

ಕಂಪನಿಯಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅದೇ ವಿಚಿತ್ರ. ಏಪ್ರಿಲ್‌ನ ರಿವ್ಯೂನಲ್ಲಿ ಶೀಟ್‌ಗೆ ಮೆಚ್ಚುಗೆ ಬಂತು, ಬಣ್ಣ ಚೆನ್ನಾಗಿದೆ ಅಂತ. ಅದನ್ನು ಕೇಳಿ ಕೂರಲಾಗಲಿಲ್ಲ. ಕೇಸ್ ಸಂಖ್ಯೆಯ ಪಕ್ಕ ಎಷ್ಟು ಟೆಸ್ಟ್ ಅನ್ನುವ ಕಾಲಂ ಸೇರಿಸಿದೆ. ಇನ್ನೊಂದು ಕಾಲಂನಲ್ಲಿ ಆದೇಶದ ಮೂಲ ಸಾಲನ್ನು ಒಂದಕ್ಷರ ಬದಲಿಸದೆ ಅಂಟಿಸಲು ಶುರು ಮಾಡಿದೆ. ಟಿಕೆಟ್ ಕ್ಯಾನ್ಸಲ್ ಮಾಡುವ ಮೊದಲು ಆ ಸಾಲನ್ನು ಹೋಗುವವರಿಗೇ ಫೋನಿನಲ್ಲಿ ಓದಿ ಹೇಳುತ್ತೇನೆ. ತೀರ್ಮಾನ ಅವರದ್ದು. ಆವತ್ತು ಅವರು ಏರ್‌ಪೋರ್ಟ್‌ಗೆ ಹೋಗಿ ನೋಡ್ತೀನಿ ಅಂದಾಗ ಬಿಟ್ಟಿದ್ದರೆ ಸಾಕಿತ್ತು. ರೀಡಿಂಗ್‌ನಿಂದ ಹೀಥ್ರೋ ಎಷ್ಟು ದೂರ? ಮುಕ್ಕಾಲು ಗಂಟೆಯ ದಾರಿ.

2021ರ ನವೆಂಬರ್ ಕೊನೆಯಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಹೊಸ ತಳಿ ಕಂಡಿದೆ ಅಂತ ಜಗತ್ತಿಗೆ ಹೇಳಿದರು. ಅದೇ ಒಮೈಕ್ರಾನ್. ಹೇಳಿದ ಒಂದೆರಡು ದಿನದಲ್ಲೇ ಬ್ರಿಟನ್ ಸೇರಿ ಹಲವು ದೇಶಗಳು ಆ ಭಾಗದ ವಿಮಾನ ನಿಲ್ಲಿಸಿದವು. ಹುಡುಕಿ, ಪ್ರಾಮಾಣಿಕವಾಗಿ ಹೇಳಿದವರಿಗೆ ಮೊದಲ ಪೆಟ್ಟು. ಅಲ್ಲಿ ನಮ್ಮವರು ಒಬ್ಬರಿದ್ದರು. "ಕೆಂಪು ಹಾಕಿ ಕಳಿಸಮ್ಮ" ಅಂತ ಮ್ಯಾನೇಜರ್ ಮೆಸೇಜ್ ಬಂತು. ನಾನು ಬಣ್ಣ ಹಾಕಲಿಲ್ಲ. ಭಾರತದ ಸೂಚನೆ ತೆಗೆದು ಓದಿದೆ. ಡಿಸೆಂಬರ್ 1ರಿಂದ ಇಳಿದ ಮೇಲೆ ಟೆಸ್ಟ್, ಫಲಿತಾಂಶ ಬರುವವರೆಗೆ ನಿಲ್ದಾಣದಲ್ಲೇ ಕಾಯಬೇಕು. ಬರಬೇಡಿ ಅಂತ ಎಲ್ಲೂ ಇರಲಿಲ್ಲ. ಅವರಿಗೆ ಓದಿ ಹೇಳಿದೆ. ಇಲ್ಲೇ ಇರ್ತೀನಿ ಅಂದರು. ಸರಿ ಸರ್ ಅಂದೆ.

ಅದೇ ತಿಂಗಳು ಆಡಿಟ್‌ಗೆ ಹಳೆಯ ರೀಫಂಡ್‌ಗಳನ್ನು ಕ್ಲೋಸ್ ಮಾಡಬೇಕಿತ್ತು. 18ರ ಆ ಲಂಡನ್ ಟಿಕೆಟ್ ನನ್ನ ಹೆಸರಿಗೇ ಬಂದಿತ್ತು. ಕಾರಣದ ಡ್ರಾಪ್‌ಡೌನ್‌ನಲ್ಲಿ "ಸರ್ಕಾರಿ ನಿರ್ಬಂಧ" ಅಂತ ಮೊದಲೇ ತುಂಬಿತ್ತು. ಅದನ್ನು ತೆಗೆದೆ. ರಿಮಾರ್ಕ್ಸ್‌ನಲ್ಲಿ ಬರೆದೆ: ವಿಮಾನ ಹೊರಟಿತ್ತು, ಪ್ರಯಾಣಿಕರು ಹೋಗಲು ಸಿದ್ಧರಿದ್ದರು, ಟಿಕೆಟ್ ರದ್ದು ಮಾಡಿದ್ದು ನಾನು.