ಚಾಳೀಸಿನ ನಂಬರ್ ಒಂದೇ ನೋಡಿದ್ರ ಸಾಲೂದಿಲ್ರಿ: ಇಳಕಲ್ಲಿನ ಕಣ್ಣ ಟೆಸ್ಟ್ ರೂಮಿನಾಗ ಕಲ್ತದ್ದು

ನಾನು ಇಳಕಲ್ಲಿನ ಒಂದು ಚಾಳೀಸಿನ ಅಂಗಡ್ಯಾಗ ಕಣ್ಣ ಟೆಸ್ಟ್ ಮಾಡ್ತೇನ್ರಿ. ಆಪ್ಟೊಮೆಟ್ರಿ ಓದಿಕೊಂಡು ಊರಿಗೆ ಬಂದಾವ, ಇಲ್ಲೇ ಕುಂತೇನಿ, ನಡುನಡುವೆ ಹುನಗುಂದ, ಕಮತಗಿ, ಗುಳೇದಗುಡ್ಡ ಕಡೆ ಕ್ಯಾಂಪಿಗೂ ಹೋಗ್ತಿರ್ತೇನಿ. ಆಪರೇಷನ್ ಮಾಡೋ ಡಾಕ್ಟ್ರು ನಾ ಅಲ್ಲ, ಮೊದ್ಲ ಹೇಳಿಬಿಡ್ತೇನಿ. ನಂಬರ್ ತಗಿಯೂದು, ಕಣ್ಣಿನ ಪ್ರೆಷರ್ ನೋಡೂದು, ಸಂಶಯ ಬಂದ್ರ ಯಾವ ಡಾಕ್ಟ್ರ ಕಡೆ ಕಳಸಬೇಕು ಅಂತ ತೀರ್ಮಾನ ಮಾಡೂದು, ಇಷ್ಟ ನನ್ನ ಕೆಲಸ. ಮೊದಲಿನ ಎರಡು ಮಷೀನೂ ಮಾಡ್ತೈತಿ, ಮೂರನೇದ್ದು ಮಾತ್ರ ಪೇಷಂಟ್ ಜೋಡಿ ಮಾತಾಡಿ ಮಾತಾಡಿನ ಬರೂದು.

ನೇಕಾರರ ಊರಾಗ ಮೊದಲನೇ ಪಾಠ ಟೇಪು. ಹೌದ್ರಿ, ಕಣ್ಣಿಂದ ಕೆಲಸದ ತನಕ ಎಷ್ಟು ದೂರ ಅಂತ ನೋಡೋ ಅಳತಿ ಟೇಪು. ನಲವತ್ತು ದಾಟಿದ ಮ್ಯಾಲೆ ಕಣ್ಣೊಳಗಿನ ಲೆನ್ಸ್ ಬಿರುಸಾಗಿ ಸಮೀಪದ್ದು ಕಾಣೂದಿಲ್ಲ, ಅದು ಎಲ್ಲಾರಿಗೂ ಬರೂದ. ಪುಸ್ತಕ ಓದಾಕ ಸುಮಾರು 40 ಸೆಂಟಿಮೀಟರ್ ಲೆಕ್ಕ ಹಿಡಿದು ನಂಬರ್ ಕೊಡ್ತೀವಿ, ಆದ್ರ ಕುಣಿ ಮಗ್ಗದಾಗ ಕುಂತಾವ ಬಟ್ಟಿ ನೋಡೂದು ಅದಕ್ಕಿಂತ ದೂರದಿಂದ, ಮತ್ತ ಸೀರಿ ಒಡಲಿನ ಹಾಸಿನ (ಉದ್ದಕ್ಕ ಹೋಗೋ ಎಳಿಗಳ) ಜೋಡಿ ಸೆರಗಿನ ಹಾಸು ಕೊಂಡಿ ಹಾಕಿ ಕೂಡಸೂವಾಗ ಮುಖಾನ ಒಯ್ದು ಎಳಿಗೆ ಹಚ್ಚಿರ್ತಾರ. ಪೇಪರ್ ಓದೋ ನಂಬರ್ ಹಾಕಿ ಕಳಸಿದ್ರ ತಲಿನೋವು ಅಂತ ನಾಕು ದಿನಕ್ಕ ವಾಪಸ್ ಬರ್ತಾರ. ಅದಕ್ಕ ಈಗ ಎಲ್ಲಾರಿಗೂ ಕೇಳ್ತೇನಿ, ಏನ್ ಕೆಲಸ ಮಾಡ್ತೀರಿ, ಹೆಂಗ ಕುಂತಿರ್ತೀರಿ, ಕೈ ಎಲ್ಲಿರ್ತೈತಿ, ಬೆಳಕು ಯಾವ ಕಡಿಂದ ಬರ್ತೈತಿ. ಈ ಪ್ರಶ್ನೆ ಕೇಳೋ ಚಟಾನ ಮುಂದ ದೊಡ್ಡ ವಿಷಯಕ್ಕ ಉಪಯೋಗಕ್ಕ ಬಂತು.

ಏನಂದ್ರ, ವಯಸ್ಸಾದವ್ರನ್ನ ಕರಕೊಂಡು ಬರೋ ಮನಿ ಮಂದಿ ಭಾಳ ಸಲ ಬಾಗಲದಾಗ ನಿಂತ ಹೇಳಿಬಿಡ್ತಾರ, "ಅಜ್ಜಗ ಅರಳು ಮರಳು ಆಗೇತ್ರಿ, ಏನ್ ಕೇಳಿದ್ರೂ ಬರೋಬ್ಬರಿ ಹೇಳೂದಿಲ್ಲ, ಇದೂ ಒಂದ್ ನೋಡಿಬಿಡ್ರಿ" ಅಂತ. ಅಜ್ಜ ಎದುರಿಗೇ ಕುಂತಿರ್ತಾನ, ಎಲ್ಲಾ ಕೇಳಸ್ತಿರ್ತೈತಿ ಅವಗ. ಅಂಥಾ ಒಬ್ಬ ಅಜ್ಜ ನೀರು ಲೋಟದ ಹೊರಗ ಸುರೀತಿದ್ದ, ಬೀಗರು ಬಂದ್ರ ಗುರುತು ಹಿಡೀತಿರಲಿಲ್ಲ, ಊರ ಕಟ್ಟಿ ಮ್ಯಾಲೆ ಕುಂದ್ರಾಕ ಹೋಗೂದು ಬಿಟ್ಟು ಮೂಲ್ಯಾಗ ಕುಂತಬಿಟ್ಟಿದ್ದ, ತಲಿ ಕೆಟ್ಟೈತಿ ಅಂತ ಮನ್ಯಾಗ ಎಲ್ಲಾರೂ ಒಪ್ಪಿಕೊಂಡುಬಿಟ್ಟಿದ್ರು. ಟಾರ್ಚ್ ಹಾಕಿ ನೋಡಿದ್ರ ಎರಡೂ ಕಣ್ಣಾಗ ಮೋತಿಬಿಂದು (ಕಣ್ಣಿನ ಪೊರೆ) ಪೂರಾ ಬೆಳ್ಳಗ ಬಲಿತೈತಿ, ಕೈ ಅಲ್ಲಾಡಿಸಿದ್ದು ಅಷ್ಟ ಕಾಣ್ತೈತಿ. ಆಪರೇಷನ್ ಆದ ಮ್ಯಾಲೆ ಚೆಕಪ್ಪಿಗೆ ಬಂದಾಗ ನನ್ನ ಮುಖ ದಿಟ್ಟಿಸಿ ನೋಡಿ, ನಿಮ್ಮ ಅಪ್ಪ ಇಂಥಾವ್ರಲ್ಲ ಅಂತ ಕೇಳಿದ, ಮೂಗು ಅವ್ರದ ಐತಿ ಅಂದ!

ಎಲ್ಲಾರದೂ ಹಿಂಗ ಆಗೂದಿಲ್ಲ, ಇನ್ನೊಂದು ಮಗ್ಗಲೂ ಐತಿ. ಐವತ್ತರ ಆಸುಪಾಸಿನ ಒಬ್ಬ ಅಕ್ಕ ಚಾಳೀಸು ಬದಲಿಸಿ ಬದಲಿಸಿ ಸಾಕಾಗಿ ಬಂದಿದ್ರು. ಚಾರ್ಟ್ ಓದಿಸಿದ್ರ ಒಂದೊಂದ ಅಕ್ಷರ ಚಂದಂಗ ಹೇಳ್ತಾರ, ಕೆಳಗಿನ ಸಾಲಿನ ತನಕ ಹೋಗ್ತಾರ, ಕಣ್ಣಿನ ಹಿಂದಿನ ಪರದಾನೂ (ರೆಟಿನಾ) ಚೊಲೊ ಐತಿ, ಆದ್ರ ಪೇಪರಿನ ಒಂದ್ ಸಾಲು ಕೊಟ್ರ ಸಾಲೇ ತಪ್ಪಿ ಹೋಗ್ತೈತಿ. ಟೇಬಲ್ ಮ್ಯಾಲಿನ ಪೆನ್ ಕೊಡ್ರಿ ಅಂದ್ರ ಪೆನ್ನಿನ ಬಾಜೂಕ ಕೈ ಹಾಕ್ತಾರ. ಮೆಟ್ಟಲ ಇಳಿಯೂವಾಗ ಎಲ್ಲಿ ಕಾಲ ಇಡಬೇಕು ತಿಳಿಯವಲ್ದು ಅಂದ್ರು. ಇಂಥಲ್ಲಿ ಮತ್ತೊಂದು ಚಾಳೀಸು ಮಾರೂದು ಭಾಳ ಸರಳ, ರೊಕ್ಕಾನೂ ಬರ್ತೈತಿ. ಕಣ್ಣು ನೂಲು ತಂದ್ ಕೊಡ್ತೈತಿ, ನೇಯೂದು ಮೆದುಳು, ನೂಲು ಚೊಲೊ ಇದ್ರೂ ಬಟ್ಟಿ ತಪ್ಪಿ ಬರಾಕತ್ರ ಮಗ್ಗಾನ ನೋಡಬೇಕಲ್ರಿ. ಅವ್ರನ್ನ ನರರೋಗ ಡಾಕ್ಟ್ರ ಕಡೆ ಕಳಿಸಿದೆ. ಮೆದುಳಿನ ಹಿಂಭಾಗ ಸೊರಗೋ ಈ ತ್ರಾಸಿಗೆ ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೋಫಿ ಅಂತಾರ, 1988ರಾಗ ಬೆನ್ಸನ್ ಅನ್ನೋ ನರರೋಗ ತಜ್ಞ ಮತ್ತ ಅವರ ಜೊತಿಗಾರರು ಹೆಸರಿಟ್ಟು ಬರದ್ರು, ಹೆಚ್ಚಿನವ್ರೊಳಗ ಇದರ ಬುಡಕ ಮರಿವು ತರೋ ಆಲ್ಜೈಮರ್ ಕಾಯಿಲೆನ ಇರ್ತೈತಿ. ನೆನಪು ಶುರುವಿನಾಗ ಗಟ್ಟಿ ಇರೂದಕ್ಕ ಯಾರಿಗೂ ಡೌಟ್ ಬರೂದಿಲ್ಲ, ಕಣ್ಣಿನ ಅಂಗಡಿ ಅಂಗಡಿ ತಿರಗ್ತಾರ. ಪಾರ್ಶ್ವವಾಯು ಆದವ್ರದೂ ಹಿಂಗ, ಒಂದು ಮಗ್ಗಲಿನ ನೋಟ ಪೂರಾ ಹೋಗಿ ಬಾಗಲಿಗೆ ಹಾಯ್ತಿರ್ತಾರ, ಮನಿ ಮಂದಿ ನಂಬರ್ ಬದಲಾಗೇತಿ ಅಂತ ನಮ್ಮ ಕಡೆ ಕರಕೊಂಡು ಬರ್ತಾರ.

ಇನ್ನೂ ಒಂದು ಐತಿ, ಇದನ್ನ ಮಂದಿ ಹೇಳಾಕ ಹೆದರ್ತಾರ. ನೋಟ ಭಾಳ ಕಡಿಮಿ ಆದವ್ರಿಗೆ ಇಲ್ಲದ್ದು ಕಾಣ್ತಿರ್ತೈತಿ, ಅಂಗಳದಾಗ ಹುಡುಗೂರು ನಿಂತಂಗ, ಗ್ವಾಡಿ ಮ್ಯಾಲೆ ಹೂವಿನ ಬಳ್ಳಿ ಹಬ್ಬಿದಂಗ. ಮನ್ಯಾಗ ಗಾಳಿ ಬಡದೈತಿ ಅಂತ ತಾಯತ ಕಟ್ಟಿಸ್ತಾರ, ಇಲ್ಲಂದ್ರ ಹುಚ್ಚು ಅಂತಾರ. ಇದಕ್ಕ ಚಾರ್ಲ್ಸ್ ಬೊನೆ ಸಿಂಡ್ರೋಮ್ ಅಂತ ಹೆಸರು, 1760ರಾಗ ಸ್ವಿಟ್ಜರ್ಲೆಂಡಿನ ಬೊನೆ ಅನ್ನಾವ ಮೋತಿಬಿಂದು ಇದ್ದ ತನ್ನ ಅಜ್ಜಗ ಹಿಂಗ ಆಗೂದನ್ನ ಬರದಿಟ್ಟ. ಕಣ್ಣಿಂದ ಏನೂ ಬರದಿದ್ದಾಗ ಮೆದುಳು ತಾನ ಚಿತ್ರ ಹುಟ್ಟಿಸ್ಕೊಂತೈತಿ. ಇವ್ರಿಗೆ ಅದು ಖರೇ ಅಲ್ಲ ಅಂತ ಹೆಚ್ಚಾಗಿ ಗೊತ್ತಿರ್ತೈತಿ, ಕಂಡವ್ರ ಜೋಡಿ ಮಾತಾಡಾಕ ಹತ್ತಿದ್ರ, ಖರೇನ ಬಂದಾರಂತ ಹಟ ಹಿಡಿದ್ರ, ಆಗ ಬ್ಯಾರೆ ತಪಾಸಣಿ ಬೇಕು. ನಾ ಈಗ ನಾನಾಗೇ ಕೇಳ್ತೇನಿ, "ಅಮ್ಮಾರ, ಇಲ್ಲದ್ದೇನಾರ ಕಾಣ್ತೈತೇನ್ರಿ?" ಅಂತ, ಆವಾಗ ಕೆಲವರು ಸೆರಗು ಬಾಯಿಗಿಟ್ಟು ಅತ್ತಬಿಡ್ತಾರ, ಇಷ್ಟು ದಿನ ಯಾರೂ ಕೇಳಿರಲಿಲ್ಲ ಅಂತ.

ಕಣ್ಣಿಗೂ ಮರಿವಿಗೂ ಸಂಬಂಧ ಐತಿ ಅನ್ನೂದು ಈಗ ನನ್ನಂಥಾವ್ರ ಅನುಭವದ ಮಾತಷ್ಟ ಅಲ್ಲ. ಡಿಮೆನ್ಷಿಯಾ, ಅಂದ್ರ ಮರಿವಿನ ಕಾಯಿಲೆ ಬಗ್ಗೆ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಕಮಿಟಿ 2020ರಾಗ ಅಪಾಯ ಹೆಚ್ಚಿಸೋ, ತಡಿಯಾಕ ಬರೋ 12 ಕಾರಣ ಪಟ್ಟಿ ಮಾಡಿತ್ತು, 2024ರಾಗ ಎರಡು ಸೇರಿಸಿ 14 ಮಾಡ್ತು, ಹೊಸದಾಗಿ ಸೇರಿದ್ದು ಕೆಟ್ಟ ಕೊಲೆಸ್ಟ್ರಾಲು ಮತ್ತ ಚಿಕಿತ್ಸೆ ಮಾಡಿಸದ ನೋಟದ ಕೊರತೆ. ಈ 14ನ್ನೂ ಜೀವನಪೂರ್ತಿ ತಡೆದ್ರ ಸುಮಾರು 45 ಪರ್ಸೆಂಟ್ ಡಿಮೆನ್ಷಿಯಾ ತಪ್ಪಿಸಬಹುದು ಇಲ್ಲಾ ಮುಂದ ಹಾಕಬಹುದು ಅಂತ ಅವರ ಅಂದಾಜು, ಅದರಾಗ ಕಣ್ಣಿನ ಪಾಲು 2 ಪರ್ಸೆಂಟ್, ಸಣ್ಣದು. ಅಮೆರಿಕಾದ ವಾಷಿಂಗ್ಟನ್ ರಾಜ್ಯದಾಗ 65 ದಾಟಿದ ಮೂರು ಸಾವಿರಕ್ಕೂ ಹೆಚ್ಚು ಮಂದಿನ ವರ್ಷಗಟ್ಟಲೆ ನೋಡಿ 2022ರಾಗ ಛಾಪಿಸಿದ ಅಧ್ಯಯನದೊಳಗ, ಮೋತಿಬಿಂದು ತಗಿಸಿಕೊಂಡವ್ರಿಗೆ ಡಿಮೆನ್ಷಿಯಾ ಅಪಾಯ ಹತ್ತಹತ್ತಿರ 30 ಪರ್ಸೆಂಟ್ ಕಡಿಮಿ ಇತ್ತು. ಆಪರೇಷನ್ನಿಂದನ ಕಡಿಮಿ ಆತು ಅಂತ ಅದರಿಂದ ಸಾಬೀತಾಗೂದಿಲ್ಲ, ಗಟ್ಟಿಮುಟ್ಟು ಇದ್ದವ್ರ ಆಪರೇಷನ್ನಿಗೆ ಹೋಗಿರಬಹುದು. ಆದ್ರ ಕಾಣದಾವ ಮಾತು ಬಿಡ್ತಾನ, ಓಡಾಟ ಬಿಡ್ತಾನ, ಪೇಪರ್ ಬಿಡ್ತಾನ, ಮೆದುಳಿಗೆ ಕೆಲಸಾನ ಇರೂದಿಲ್ಲ, ಇದನ್ನ ನಾವು ದಿನಾ ನೋಡ್ತೀವಿ.

ಈಗ ನ್ಯಾಚುರಲ್ ಉಪಾಯಕ್ಕ ಬರ್ತೇನಿ, ಯಾಕಂದ್ರ ದಿನಾ ಯಾರಾರ ವಾಟ್ಸಾಪ್ ತಗದು ತೋರಸ್ತಾರ. ಕಣ್ಣಿಗೆ ಜೇನುತುಪ್ಪ, ಔಡಲೆಣ್ಣಿ, ಎದಿಹಾಲು, ಉಳ್ಳಾಗಡ್ಡಿ ರಸ, ಏನೂ ಹಾಕಬ್ಯಾಡ್ರಿ, ಕೈ ಮುಗೀತೇನಿ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಗರಿ ಕಣ್ಣಿಗೆ ಬಡದು ಫಂಗಸ್ ಹುಣ್ಣು ಆಗ್ತೈತಿ, ಅದಕ್ಕ ಮೆಡಿಕಲ್ ಶಾಪಿನ್ಯಾಗ ಕೇಳಿ ಸ್ಟಿರಾಯ್ಡ್ ಡ್ರಾಪ್ಸ್ ಹಾಕ್ಕೊಂಡ್ರ ಉರಿ ಕಡಿಮಿ ಆದಂಗ ಅನಸ್ತೈತಿ, ಒಳಗ ಹುಣ್ಣು ಬೆಳೀತೈತಿ, ಕಣ್ಣ ಹೋದದ್ದೂ ಐತಿ. ಅದೇ ಡ್ರಾಪ್ಸ್ ತಿಂಗಳಗಟ್ಲೆ ಹಾಕಿದ್ರ ಕಣ್ಣಿನ ಪ್ರೆಷರ್ ಏರಿ ನರ ಕೆಡೋ ಕಾಚಬಿಂದು (ಗ್ಲುಕೋಮಾ) ಬರಬಹುದು.

ಕಣ್ಣಿನ ವ್ಯಾಯಾಮ ಮಾಡಿ ಚಾಳೀಸು ತಗದು ಒಗದೆ ಅನ್ನಾವ್ರ ಕತಿ ಕೇಳ್ರಿ. ಅರವತ್ತರ ಮ್ಯಾಲಿನವ್ರಿಗೆ ಒಮ್ಮೊಮ್ಮೆ ಇದ್ದಕ್ಕಿದ್ದಂಗ ಚಾಳೀಸಿಲ್ದ ಸೂಜಿ ಪೋಣಿಸಾಕ ಬರ್ತೈತಿ. ಬಾದಾಮಿ ತಿಂದದ್ದಕ್ಕ ಬಂತು, ಯೋಗಕ್ಕ ಬಂತು ಅಂತ ಖುಷಿಪಡ್ತಾರ. ಖರೇ ಏನಂದ್ರ ಮೋತಿಬಿಂದು ಶುರುವಾಗಿ ಲೆನ್ಸಿನ ನಡು ಗಟ್ಟಿಯಾಗಿ ಮೈನಸ್ ಕಡೆ ಹೊಳ್ಳೇತಿ, ಸಮೀಪದ್ದು ಕಾಣ್ತೈತಿ, ಬಸ್ಸಿನ ಬೋರ್ಡು ಕಾಣೂದಿಲ್ಲ. ಬಸ್ಸಿನ ಬೋರ್ಡಿನ ಸುದ್ದಿ ಮಾತ್ರ ಯಾರೂ ತಗಿಯೂದಿಲ್ಲ.

ಹಂಗಾರ ಮಾಡಬೇಕಾದ್ದೇನು? ಹುಡುಗೂರನ್ನ ದಿನಕ್ಕ ಎರಡು ತಾಸು ಬಯಲಿಗೆ ಬಿಡ್ರಿ, ಮೈನಸ್ ನಂಬರ್ ಬರೂದನ್ನ ತಡಿಯಾಕ ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ, ಆದ್ರ ನಮ್ಮ ಏಪ್ರಿಲ್ ಬಿಸಲಾಗ ಮಧ್ಯಾಹ್ನ ಅಲ್ಲ, ಮುಂಜಾನಿ ಸಂಜಿಕ. ನುಗ್ಗಿಸೊಪ್ಪು, ರಾಜಗಿರಿ, ಮೆಂತೆ ಪಲ್ಲೆ, ಪಪ್ಪಾಯಿ ತಿನ್ರಿ, ಪಲ್ಲೆಕ್ಕ ಒಂದೀಟು ಎಣ್ಣಿ ಬಿದ್ರ ಎ ವಿಟಮಿನ್ ಮೈಗೆ ಹತ್ತೈತಿ, ಇದು ಇರುಳುಗಣ್ಣು ತಡೀತೈತಿ ಹೊರತು ಚಾಳೀಸಿನ ನಂಬರ್ ಇಳಸೂದಿಲ್ಲ. ಫೋನು, ಕಂಪ್ಯೂಟರ್, ಮಗ್ಗ ಯಾವುದಾದ್ರೂ ಸೈ, 20 ನಿಮಿಷಕ್ಕೊಮ್ಮೆ 20 ಅಡಿ ದೂರ ನೋಡಿ ರೆಪ್ಪಿ ಬಡೀರಿ, ಕಣ್ಣ ಉರಿ ಕಡಿಮಿ ಆಗ್ತೈತಿ. ಹೊಲದಾಗ ಟೊಪಗಿ, ಬಿಸಿಲ ಚಾಳೀಸು. ತಂಬಾಕು ಬಿಡೂದು ಕಣ್ಣಿಗೂ ಮೆದುಳಿಗೂ ಎರಡಕ್ಕೂ. ಶುಗರ್, ಬಿಪಿ ಇದ್ರ ವರ್ಷಕ್ಕೊಮ್ಮೆ ಕಣ್ಣಿನ ಪರದಾ ತೋರಸ್ರಿ, ಕಾಣ್ತೈತಲ್ಲ ಅಂತ ಬಿಡಬ್ಯಾಡ್ರಿ.

ವಯಸ್ಸಾದವ್ರ ಇರೋ ಮನಿಗೆ ಇನ್ನೊಂದ ಮಾತು, ಅರವತ್ತರ ಕಣ್ಣಿನ ಪರದಾಕ್ಕ ಇಪ್ಪತ್ತರವ್ರ ಕಣ್ಣಿಗೆ ಹೋಗೋ ಬೆಳಕಿನ ಮೂರನೇ ಒಂದು ಪಾಲಷ್ಟ ಹೋಗ್ತೈತಿ. ಪಡಸಾಲ್ಯಾಗ ಕರೆಂಟ್ ಉಳಸಾಕ ಸಣ್ಣ ಬಲ್ಬು, ಹೊಳಿಯೋ ಸ್ಟೀಲ್ ಗಂಗಾಳದಾಗ ಬಿಳೆ ರೊಟ್ಟಿ, ಬಿಳೆ ಮಸರು ಇಟ್ಟು, ಅಜ್ಜಿಗೆ ಉಣ್ಣಾಕೂ ಬರವಲ್ದು ಅನ್ನೂದು ಅನ್ಯಾಯ. ಬಣ್ಣದ ತಾಟು ಕೊಡ್ರಿ, ಮೆಟ್ಟಲ ಅಂಚಿಗೆ ಬಣ್ಣ ಹಚ್ರಿ.

ಮರಿವು ಬಂದ ಕೂಡ್ಲೇ ಆಲ್ಜೈಮರ್ ಅಂತ ಕೈ ಚೆಲ್ಲಬ್ಯಾಡ್ರಿ, ಬಿ12 ಕಡಿಮಿ, ಥೈರಾಯ್ಡ್, ಮನಸ್ಸಿನ ಖಿನ್ನತೆ, ಕೆಲವು ಗುಳಿಗಿ, ಇವೆಲ್ಲಾ ಮರಿವು ತರ್ತಾವ, ಸರಿ ಮಾಡಾಕೂ ಬರ್ತೈತಿ. ಬಿ12 ಕಡಿಮಿ ಆದ್ರ ಕಣ್ಣಿನ ನರಾನೂ ಸೊರಗಬಹುದು, ನಮ್ಮ ಕಡೆ ಮೊಟ್ಟಿ ಸೈತ ಮುಟ್ಟದ ಮನಿ ಭಾಳ, ಹಾಲು ಮಸರೂ ಕಡಿಮಿ ಆದ್ರ ಇದು ಸಾಮಾನ್ಯ, ಒಂದು ರಕ್ತ ಟೆಸ್ಟಿನ ಮಾತು. ಮೆದುಳಿನ ತಪಾಸಣಿಗೆ ನಿಮ್ಹಾನ್ಸ್ ಜೋಡಿ ಸೇರಿ ರಾಜ್ಯ ಸರ್ಕಾರ ಬ್ರೇನ್ ಹೆಲ್ತ್ ಇನಿಷಿಯೇಟಿವ್ ಅಂತ ನಡಸೇತಿ, ಜಿಲ್ಲಾ ಆಸ್ಪತ್ರ್ಯಾಗ ವಿಚಾರಸ್ರಿ. ಹಿರೇರ ಸಹಾಯವಾಣಿ 14567.

ಕಣ್ಣ ತೋರಸಾಕ ಬರೂವಾಗ ಹಳೇ ಚಾಳೀಸು ಎಲ್ಲಾ ತರ್ರಿ, ಒಡದದ್ದೂ ನಡೀತೈತಿ, ನುಂಗೋ ಗುಳಿಗಿ ಚೀಟಿ ತರ್ರಿ. ಜೋಡಿಗೆ ದಿನಾ ಅವ್ರ ಸಂಗಡ ಇರಾವ್ರು ಬರ್ಲಿ, ಬೆಂಗಳೂರಿಂದ ಹಬ್ಬಕ್ಕ ಬಂದ ಮಗನ್ನ ಕೇಳಿದ್ರ ಅವಗ ಏನೂ ಗೊತ್ತಿರೂದಿಲ್ಲ, ನೀರು ಲೋಟದ ಹೊರಗ ಯಾವಾಗಿಂದ ಬೀಳಾಕತ್ತೈತಿ ಅನ್ನೂದು ಸೊಸಿಗೆ ಗೊತ್ತಿರ್ತೈತಿ.