ಅಪ್ಪ ತರುತ್ತಿದ್ದ ಪ್ಲಾಸ್ಟಿಕ್ ಹಾಳೆ

11 ವರ್ಷ ತುಂಬುವವರೆಗೂ ನಾನು ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದೆ. ಪೀಣ್ಯದ ನಮ್ಮ ವಠಾರದಲ್ಲಿ ಬಟ್ಟೆ ಒಣಹಾಕಲು ಇದ್ದದ್ದು ಒಂದೇ ತಂತಿ, ಎಲ್ಲರ ಬಾಗಿಲ ಎದುರಿಗೆ. ಶಾಲೆಗೆ ಹೊರಟಾಗ ನನ್ನ ಕೌದಿಯ ಕೆಳಗೇ ನುಸುಳಿ ಹೋಗಬೇಕಿತ್ತು.

ಅಪ್ಪ ಗ್ರಾವ್ಯೂರ್ ಪ್ರೆಸ್ಸಿನಲ್ಲಿ ಆಪರೇಟರ್. ಬಿಸ್ಕತ್ತು, ಚಹಾಪುಡಿ ಪೊಟ್ಟಣಗಳ ಅಚ್ಚು. ಬಣ್ಣ ಸರಿಯಾಗಿ ಕೂಡದೆ ವೇಸ್ಟ್ ಆದ ಫಿಲ್ಮನ್ನು ಕೇಳಿ ಪಡೆದು ಮನೆಗೆ ತರುತ್ತಿದ್ದರು. ಅಮ್ಮ ಅದನ್ನು ಹಾಸಿಗೆಯ ಮೇಲೆ ಹರಡಿ, ಅದರ ಮೇಲೆ ಹಳೆಯ ಸೀರೆ ಹಾಸುತ್ತಿದ್ದಳು. "ಇಂಕ್ ಇರುವ ಮಗ್ಗುಲು ಕೆಳಗಿರಲಿ" ಎಂದು ಅಪ್ಪ ಪ್ರತಿ ಸಲ ಹೇಳುತ್ತಿದ್ದರು. ಆ ಮಗ್ಗುಲಿನಿಂದ ನೋಡಿದರೆ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಹೊರಳಿದರೆ ಪರಪರ ಸದ್ದು.

ಈಗ ನಾನೂ ಅದೇ ಕೆಲಸದಲ್ಲಿದ್ದೇನೆ. ತಾಮ್ರ ಲೇಪಿಸಿದ ಉಕ್ಕಿನ ಸಿಲಿಂಡರಿನ ಮೇಲೆ ವಜ್ರದ ಮೊನೆ ಲಕ್ಷಾಂತರ ಸಣ್ಣ ಕುಳಿಗಳನ್ನು ಕೊರೆದಿರುತ್ತದೆ; ಸವೆಯದಿರಲೆಂದು ಮೇಲೆ ಕ್ರೋಮ್. ಸಿಲಿಂಡರ್ ಇಂಕಿನ ತೊಟ್ಟಿಯಲ್ಲಿ ಅದ್ದಿ ಮೇಲೇಳುವಾಗ ಡಾಕ್ಟರ್ ಬ್ಲೇಡ್ ಎಂಬ ತೆಳುವಾದ ಪಟ್ಟಿ ಅದರ ಮೈಮೇಲಿನ ಇಂಕನ್ನೆಲ್ಲ ಸವರಿಬಿಡುತ್ತದೆ. ಕುಳಿಯೊಳಗಿನದಷ್ಟೇ ಉಳಿದು, ರಬ್ಬರ್ ರೋಲರ್ ಒತ್ತಿದಾಗ ಫಿಲ್ಮಿಗೆ ಹತ್ತಿಕೊಳ್ಳುತ್ತದೆ. ಕುಳಿ ಆಳವಾದಷ್ಟೂ ಬಣ್ಣ ಗಾಢ. ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್; ಕೂದಲೆಳೆಯಷ್ಟು ಆಚೀಚೆಯಾದರೂ ರಿಜಿಸ್ಟರ್, ಅಂದರೆ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂಡುವುದು, ತಪ್ಪಿ ಅಕ್ಷರಕ್ಕೆ ನೆರಳು ಬೀಳುತ್ತದೆ. ನಾನು ಮಲಗುತ್ತಿದ್ದದ್ದು ಅಂಥ ನೆರಳಿನ ಅಕ್ಷರಗಳ ಮೇಲೆ.

ಬರೆ ಹಾಕಿದರೆ ಬಿಡುತ್ತಾನೆ ಎಂದ ನೆಂಟರೊಬ್ಬರ ಬಾಯನ್ನು ಅಪ್ಪ ಊಟದ ನಡುವೆಯೇ ಮುಚ್ಚಿಸಿದ್ದರು. ಏಕೆಂದು ತಿಳಿದದ್ದು ನಾನು ಕೆಲಸಕ್ಕೆ ಸೇರಿದ ವರ್ಷ. ತಳದಲ್ಲಿ ತೂತಿರುವ ಕಪ್ಪಿನಿಂದ ಇಂಕು ಬಸಿಯುವ ಸೆಕೆಂಡುಗಳನ್ನು ಎಣಿಸಿ ಅದು ಎಷ್ಟು ತೆಳುವಾಗಿದೆ ಎಂದು ನೋಡುತ್ತೇವೆ. ಹಾಗೆ ನೋಡುತ್ತಿದ್ದ ಅಪ್ಪ ಎಣಿಕೆ ನಿಲ್ಲಿಸಿ, "ನಾನೂ 9 ವರ್ಷದವರೆಗೆ ಹಾಗೇ ಇದ್ದೆ. ಬಹಳ ಹೊಡೆತ ತಿಂದೆ" ಎಂದರು. ಮತ್ತೆ ಕಪ್ಪನ್ನು ಇಂಕಿನಲ್ಲಿ ಅದ್ದಿದರು.

ಇದು ಮನೆತನದಲ್ಲಿ ಹರಿದು ಬರುತ್ತದೆ. ರಾತ್ರಿ ಮೂತ್ರ ಕಡಿಮೆ ಮಾಡುವ ಹಾರ್ಮೋನು ಕೆಲವು ಮಕ್ಕಳಲ್ಲಿ ಸಾಲುವುದಿಲ್ಲ. ಮೂತ್ರಕೋಶ ತುಂಬಿದರೂ ಎಚ್ಚರವಾಗುವುದಿಲ್ಲ. ನಿದ್ದೆಯಲ್ಲಿ ಆದದ್ದಕ್ಕೆ ಮಗುವನ್ನು ಹೊಡೆಯುವುದು ಅನ್ಯಾಯ, ದಯವಿಟ್ಟು ಹೊಡೆಯಬೇಡಿ. ದೊಡ್ಡವರಾಗುತ್ತಾ ಹೆಚ್ಚಿನವರಿಗೆ ತಾನಾಗಿಯೇ ನಿಲ್ಲುತ್ತದೆ. ನಿಲ್ಲದಿದ್ದರೆ ಮಕ್ಕಳ ವೈದ್ಯರಲ್ಲಿ ಒದ್ದೆಯಾದ ಕೂಡಲೇ ಎಬ್ಬಿಸುವ ಅಲಾರಂ ಇದೆ, ಮಾತ್ರೆ ಇದೆ.

ನನ್ನ ಮಗಳಿಗೆ ಈಗ 6 ವರ್ಷ. ಹೋದ ವಾರ ಬೆಳಗ್ಗೆ ಒದ್ದೆ ಚಾದರವನ್ನು ಸುತ್ತಿ ಎದೆಗೊತ್ತಿಕೊಂಡು ಬಾಗಿಲ ಹಿಂದೆ ನಿಂತಿದ್ದಳು. ಸಂಜೆ ಅಂಗಡಿಯಿಂದ ರಬ್ಬರ್ ಶೀಟ್ ತಂದು ಹಾಸುತ್ತಾ, "ಅಪ್ಪನೂ ಹೀಗೇ ಇದ್ದ ಪುಟ್ಟಿ, ತಾತನೂ" ಎಂದೆ.

"ನೀನು ಎಷ್ಟು ವರ್ಷದವರೆಗೆ?"

"ಹನ್ನೊಂದು."

ಬೆರಳು ಮಡಚಿ ಎಣಿಸಿದಳು. ಎರಡೂ ಕೈ ಸಾಲದೆ, ನನ್ನ ಒಂದು ಬೆರಳನ್ನು ತೆಗೆದುಕೊಂಡಳು.